ಹದಿನಾಲ್ಕನೇ ಪುಟದ ಹುಡುಗಿ ನಿಂತಿಲ್ಲ

ಕ್ರೀಡಾಪಟುಗಳಿಗೆ ಆಹಾರ ಮತ್ತು ತರಬೇತಿಯ ಸಲಹೆ ಹೊರಡಿಸುವ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಕುಸ್ತಿ, ಜೂಡೊ, ಕರಾಟೆ ಕಲಿಯುವವರಿಗಾಗಿ ನಿಮ್ಮ ಕಚೇರಿ ಸಿದ್ಧಪಡಿಸಿರುವ ಕೈಪಿಡಿಯ ಪರಿಷ್ಕೃತ ಆವೃತ್ತಿ ಮೊನ್ನೆ ನನ್ನ ಮೊಬೈಲಿಗೂ ಬಂತು. ಅದರ ಹದಿನಾಲ್ಕನೇ ಪುಟದಲ್ಲಿ ಒಂದು ಚಿತ್ರವಿದೆ. ತೀರ್ಪುಗಾರರು ಒಬ್ಬ ಹುಡುಗಿಯ ಬಲಗೈಯನ್ನು ಮೇಲಕ್ಕೆತ್ತಿ ಹಿಡಿದಿದ್ದಾರೆ. ಕೆಳಗೆ ‘ಶಿಸ್ತಿನ ತೂಕ ನಿರ್ವಹಣೆ: ಗ್ರಾಮೀಣ ಪ್ರತಿಭೆಯೊಂದರ ಮಾದರಿ’ ಎಂದು ಅಚ್ಚಾಗಿದೆ. ಆ ಹುಡುಗಿ ನನ್ನ ಮಗಳು ಮೈತ್ರಿ. ಚಿತ್ರದಲ್ಲಿ ಅವಳು ನಿಂತಿಲ್ಲ, ತೀರ್ಪುಗಾರರ ಕೈಗೆ ಜೋತುಬಿದ್ದಿದ್ದಾಳೆ. ಅವರು ಕೈ ಬಿಟ್ಟ ಮೇಲೆ ನೆಲಕ್ಕೆ ಬಿದ್ದಳು. ಬಿದ್ದ ಚಿತ್ರವನ್ನು ಯಾರೂ ತೆಗೆಯಲಿಲ್ಲವಾದ್ದರಿಂದ ನಿಮ್ಮ ಕಚೇರಿಗೆ ತಿಳಿದಿರಲಿಕ್ಕಿಲ್ಲ.

ಅವಳು ಬದುಕಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಪತ್ರಗಳ ಕೊನೆಯಲ್ಲಿ ಯಾರಾದರೂ ಸತ್ತಿರುತ್ತಾರೆ, ಸತ್ತಿಲ್ಲವೆಂದರೆ ಕಡತ ಮುಚ್ಚುವುದು ಸುಲಭ. ಆದರೆ ಮುಂದಿನ ತಿಂಗಳು ವಿಭಾಗ ಮಟ್ಟದ ಪಂದ್ಯವಿದೆ. ಗೆದ್ದ ತೂಕದಲ್ಲೇ ಆಡಬೇಕೆಂಬುದು ನಿಯಮ ಎಂದು ನಿಮ್ಮವರು ಹೇಳಿದ್ದಾರೆ. ಅಂದರೆ ಚಿತ್ರದಲ್ಲಿರುವುದನ್ನೆಲ್ಲ ಅವಳು ಮತ್ತೊಮ್ಮೆ ಮಾಡಬೇಕು. ಮುಚ್ಚುವ ಮುನ್ನ ಇಷ್ಟು ಓದಿ.

ಚಿತ್ರದ ಪಕ್ಕದಲ್ಲಿರುವ ವಾಕ್ಯ ಹೀಗಿದೆ: ‘ತೂಕ ಪರೀಕ್ಷೆಯ ಹಿಂದಿನ ದಿನ ದ್ರವ ಸೇವನೆಯನ್ನು ಹಂತಹಂತವಾಗಿ ಕಡಿತಗೊಳಿಸಿ, ಪರೀಕ್ಷೆ ಮುಗಿದ ಕೂಡಲೇ ಮರುಪೂರಣ ಮಾಡಿಕೊಳ್ಳುವುದು.’ ಯಾವ ವಯಸ್ಸಿನವರಿಗೆ, ಯಾರ ಕಣ್ಗಾವಲಿನಲ್ಲಿ ಎಂಬುದಿಲ್ಲ. ಹಳೆಯ ಆವೃತ್ತಿಯಲ್ಲೂ ಇದೇ ವಾಕ್ಯವಿತ್ತು. ಪರಿಷ್ಕರಣೆ ಎಂದರೆ ನನ್ನ ಮಗಳ ಚಿತ್ರ ಸೇರಿದ್ದು. ಪಂದ್ಯ ಮುಗಿದು ತಿಂಗಳು ತುಂಬುವ ಮೊದಲೇ ಸೇರಿತು. ಸರ್ಕಾರಿ ಕೆಲಸ ನಿಧಾನ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಕೈಪಿಡಿಯನ್ನು ನಾನು ಪೂರ್ತಿ ಓದಿದ್ದೇನೆ. ಅದರಲ್ಲಿ ಬರುವ ‘ಕ್ರೀಡಾಪಟು’ ಯಾರಿರಬಹುದೆಂದು ಊಹಿಸಲು ಪ್ರಯತ್ನಿಸಿದ್ದೇನೆ. ಬೆಳಿಗ್ಗೆ ಓಟ್ಸ್ ತಿನ್ನುತ್ತಾನೆ. ಮೊಟ್ಟೆಯ ಬಿಳಿ ಭಾಗ ತಿಂದು ಹಳದಿಯನ್ನು ಏನು ಮಾಡುತ್ತಾನೋ ಗೊತ್ತಿಲ್ಲ. ಸಂಜೆ ಆವಕಾಡೊ. ಸಸ್ಯಾಹಾರಿಯಾದರೆ ‘ತಜ್ಞರನ್ನು ಸಂಪರ್ಕಿಸುವುದು’ ಎಂದಿದೆ, ತಜ್ಞರು ಎಲ್ಲಿ ಸಿಗುತ್ತಾರೆಂದಿಲ್ಲ. ಇದೆಲ್ಲ ಹಳೆಯ ತಮಾಷೆ, ಬಿಡಿ. ನಮ್ಮ ಮನೆಯಲ್ಲಿ ಹೆಸರುಕಾಳು, ಶೇಂಗಾ, ರೊಟ್ಟಿ, ಮಜ್ಜಿಗೆ ಇದೆ. ಅದರಲ್ಲೇ ಅವಳು ಗಟ್ಟಿಯಾಗಿ ಬೆಳೆದಿದ್ದಾಳೆ. ನನಗೆ ವಿಚಿತ್ರವೆನಿಸಿದ್ದು ಬೇರೆ. ನಿಮ್ಮ ಕ್ರೀಡಾಪಟುವಿನ ಮನೆಯಲ್ಲಿ ಇನ್ನೊಬ್ಬರಿಲ್ಲ. ಅವನಿಗೆ ಅಜ್ಜಿಯಿಲ್ಲ. ಊಟಕ್ಕೆ ಮೊದಲು ಅವನು ಕೈಮುಗಿಯುವುದಿಲ್ಲ, ಯಾವ ದಿನವೂ ಒಪ್ಪತ್ತು ಮಾಡುವುದಿಲ್ಲ, ಯಾರಿಗೂ ಮಾತು ಕೊಟ್ಟಿಲ್ಲ. ಕುಡಿಯಬೇಡ ಎಂದರೆ ನಿಲ್ಲಿಸುತ್ತಾನೆ, ಕುಡಿ ಎಂದರೆ ಕುಡಿಯುತ್ತಾನೆ, ನಲ್ಲಿಯ ಹಾಗೆ. ಇಂಥವನೊಬ್ಬ ಎಲ್ಲಾದರೂ ಇರಬಹುದು. ಶಿಕಾರಿಪುರದಲ್ಲಿ ನಾನು ಕಂಡಿಲ್ಲ.

ಮೈತ್ರಿಗೆ ಹದಿನಾರು ವರ್ಷ. ನನ್ನ ತಾಯಿ ಹೂವಮ್ಮನವರು ಅವಳಿಗೆ ಸಣ್ಣವಳಿದ್ದಾಗಲೇ ಲಿಂಗಧಾರಣೆ ಮಾಡಿಸಿದರು. ನನಗೆ ಇಂಥದ್ದರಲ್ಲಿ ಆಸಕ್ತಿ ಕಡಿಮೆ. ಬೇಡವೆನ್ನುವಷ್ಟೂ ಆಸಕ್ತಿ ಇರಲಿಲ್ಲ. ಅಂದಿನಿಂದ ಅವಳ ಕೊರಳಿನಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಅಜ್ಜಿ ಅವಳಿಗೆ ಹೇಳಿಕೊಟ್ಟಿದ್ದು ಒಂದೇ ನಿಯಮ.

“ಲಿಂಗ ಮೈಮ್ಯಾಲೆ ಇಲ್ದಂಗೆ ಹನಿ ನೀರೂ ಗಂಟಲಾಗೆ ಇಳೀಬಾರ್ದು ಕಣವ್ವ. ಉಳಿದಿದ್ದು ನೀನು ಏನಾರ ಮಾಡ್ಕೊ.”

ಉಳಿದಿದ್ದರಲ್ಲಿ ಅವಳು ಕುಸ್ತಿ ಮಾಡಿಕೊಂಡಳು. ಕುಸ್ತಿಯಲ್ಲಿ ಕೊರಳಿಗೆ ಏನೂ ಇರಬಾರದು. ಹಾಗಾಗಿ ಅಭ್ಯಾಸಕ್ಕೆ ಇಳಿಯುವ ಮುನ್ನ ಕರಡಿಗೆಯನ್ನು ತೆಗೆದು ಗೋಡೆಯ ಮಾಡದಲ್ಲಿ ಇಡುತ್ತಿದ್ದಳು. ಮುಗಿದ ಮೇಲೆ ಕೈಕಾಲು ತೊಳೆದು ಅದನ್ನು ಧರಿಸಿ, ಆಮೇಲೆ ನೀರು. ನಡುವೆ ಎಷ್ಟೇ ಬೆವರಿದರೂ ಬಾಟಲಿ ಮುಟ್ಟುತ್ತಿರಲಿಲ್ಲ. ಏಕೆಂದು ತರಬೇತುದಾರ ಈಶ್ವರ್ ಅವರಿಗೆ ಅವಳು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಅವರು ಕಂಡದ್ದು ನೀರು ಬೇಡದ ಒಬ್ಬ ಹುಡುಗಿಯನ್ನು. ಉಳಿದ ಹುಡುಗಿಯರ ಮುಂದೆ ಅವಳನ್ನು ನಿಲ್ಲಿಸಿ, “ನೋಡ್ರೇ ಇವ್ಳನ್ನ. ನೀವು ಎರಡು ಸುತ್ತು ಓಡಿ ಬಾಟ್ಲಿ ಹುಡುಕ್ತೀರಿ. ಇವಳು ಒಂಟೆ” ಎಂದು ಹೊಗಳುತ್ತಿದ್ದರಂತೆ. ಒಂಟೆ ಎಂಬ ಹೆಸರು ಅವಳಿಗೆ ಇಷ್ಟವಾಗಿತ್ತು.

ಈಶ್ವರ್ ಕೆಟ್ಟವರಲ್ಲ. ನಿಮ್ಮ ಕೈಪಿಡಿಯನ್ನು ಗಂಭೀರವಾಗಿ ಓದಿದ ಏಕೈಕ ವ್ಯಕ್ತಿ ಈ ತಾಲ್ಲೂಕಿನಲ್ಲಿ ಅವರೇ ಇರಬೇಕು. ನಲವತ್ತೊಂಬತ್ತು ಕಿಲೋ ವಿಭಾಗದಲ್ಲಿ ಆನವಟ್ಟಿಯ ಹುಡುಗಿಯೊಬ್ಬಳಿದ್ದಾಳೆ, ಹೋದ ವರ್ಷ ಮೈತ್ರಿಯನ್ನು ಚಿತ್ ಮಾಡಿದವಳು. ನಲವತ್ತಾರಕ್ಕೆ ಇಳಿದರೆ ಹಾದಿ ಸುಗಮ. ನೀರಿಲ್ಲದೆ ಇರಬಲ್ಲ ಹುಡುಗಿಗೆ ನಿಮ್ಮ ಹದಿನಾಲ್ಕನೇ ಪುಟ ಬರೆದಿಟ್ಟ ಹಾಗೆ ಕಂಡಿತು ಅವರಿಗೆ. ನನಗೂ ಹೇಳಿದರು. ಇಲಾಖೆಯದೇ ಪುಸ್ತಕ ಎಂದರು. ಅಚ್ಚಾದದ್ದರ ಬಗ್ಗೆ ನಮ್ಮ ಕಡೆಯವರಿಗೆ ಒಂದು ಗೌರವವಿದೆ. ಅದು ನಿಮಗೆ ಗೊತ್ತಿದ್ದರೆ ಇನ್ನಷ್ಟು ಎಚ್ಚರಿಕೆಯಿಂದ ಅಚ್ಚು ಹಾಕಿಸುತ್ತಿದ್ದಿರೋ ಏನೋ.

ನಾನು ಮಾರುಕಟ್ಟೆ ಪ್ರಾಂಗಣದಲ್ಲಿ ಮೆಕ್ಕೆಜೋಳದ ತೂಕ ನೋಡುವ ಕೆಲಸದವನು. ಅಕ್ಟೋಬರಿನಲ್ಲಿ ಶಿರಾಳಕೊಪ್ಪದ ರಸ್ತೆಯ ಅರ್ಧ ಭಾಗದಲ್ಲಿ ಜೋಳ ಒಣಗುತ್ತಿರುತ್ತದೆ, ಉಳಿದರ್ಧದಲ್ಲಿ ಬಸ್ಸುಗಳು ಓಡಾಡುತ್ತವೆ. ಆ ಬಿಸಿಲಿನಲ್ಲಿ ಅವಳು ಉಣ್ಣೆಯ ಸ್ವೆಟರ್ ಹಾಕಿಕೊಂಡು, ಅದರೊಳಗೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಸುತ್ತಿಕೊಂಡು ಓಡುವುದು ನಾನು ಕುಳಿತಲ್ಲಿಂದ ಕಾಣುತ್ತಿತ್ತು. ಜೋಳ ತಂದಿದ್ದ ಉಚ್ಚಂಗಪ್ಪ ಎಂಬ ರೈತರು ನೋಡಿ ನಕ್ಕರು.

“ಏನ್ರೀ ದೇವರಾಜಣ್ಣ, ಜೋಳದ ಜೊತಿಗೆ ಮಗಳನ್ನೂ ಒಣಗಾಕೀರೇನು?”

“ತೂಕ ಇಳಿಸ್ಬೇಕಂತ್ರೀ.”

“ನಮ್ ಜೋಳ ತೂಕ ಇಳಿದ್ರೆ ನೀವು ರೇಟಾರ ಏರಿಸ್ತೀರಿ. ಆಕೀಗೆ ಏನು ಏರಿಸ್ತಾರೆ?”

ನಾನು ಮುಂದಿನ ಚೀಲವನ್ನು ತೂಕಕ್ಕೆ ಹಾಕಿಸಿದೆ. ಅವರ ಪ್ರಶ್ನೆಗೆ ಉತ್ತರ ನಿಮ್ಮಲ್ಲಿದ್ದರೆ ಅವರಿಗೆ ನೇರವಾಗಿ ತಿಳಿಸಬಹುದು.

ಜಿಲ್ಲಾ ಮಟ್ಟದ ಪಂದ್ಯ ಸೊರಬದ ಸಮುದಾಯ ಭವನವೊಂದರಲ್ಲಿ ನಡೆಯಿತು. ಹಿಂದಿನ ಮಧ್ಯಾಹ್ನದಿಂದ ಅವಳು ನೀರು ಬಿಟ್ಟಿದ್ದಳು. ಹುಡುಗಿಯರ ತೂಕದ ಕೋಣೆಗೆ ಗಂಡಸರಿಗೆ ಪ್ರವೇಶವಿರಲಿಲ್ಲ, ಅದು ಸರಿಯೇ. ಒಳಗೆ ನಡೆದದ್ದನ್ನು ಅವಳ ಗೆಳತಿ ಸುಷ್ಮಿತಾ ಆಮೇಲೆ ಹೇಳಿದಳು. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಹೆಚ್ಚು ತೋರಿಸಿತಂತೆ. ತೂಕ ನೋಡುತ್ತಿದ್ದ ಮೇಡಂ, “ಕೊಳ್ಳಾಗಿಂದೂ ತೆಗಿಯಮ್ಮ, ಬೆಳ್ಳಿಗೇನು ಕಮ್ಮಿ ತೂಕ ಇರತ್ತಾ” ಎಂದರಂತೆ. ಮೈತ್ರಿ ಕರಡಿಗೆ ತೆಗೆದು ಕರವಸ್ತ್ರದಲ್ಲಿ ಕಟ್ಟಿ ಚೀಲದಲ್ಲಿಟ್ಟಳು. ತೂಕ ಸರಿಹೋಯಿತು.

ಅವಳು ಬಟ್ಟೆ ಸರಿಮಾಡಿಕೊಂಡು ಬರುವಷ್ಟರಲ್ಲಿ ಚೀಲಗಳಿರಲಿಲ್ಲ. ಕಳ್ಳತನವಾದೀತೆಂದು ಎಲ್ಲರ ಚೀಲಗಳನ್ನೂ ಶಾಲೆಯ ಟೆಂಪೊದೊಳಗಿಟ್ಟು ಬೀಗ ಹಾಕಿದ್ದರು. ಟೆಂಪೊ, ಜೊತೆಗೆ ಬಂದಿದ್ದ ಕೆಲವು ಶಿಕ್ಷಕರನ್ನು ಹತ್ತಿಸಿಕೊಂಡು ಚಂದ್ರಗುತ್ತಿಯ ದೇವಸ್ಥಾನಕ್ಕೆ ಹೋಗಿತ್ತು. ಇಷ್ಟು ದೂರ ಬಂದು ಅಮ್ಮನವರ ದರ್ಶನ ಮಾಡದೆ ಹೋಗುವುದು ಹೇಗೆ? ನನ್ನ ಮಗಳ ಲಿಂಗವೂ ಅವರೊಂದಿಗೆ ದರ್ಶನಕ್ಕೆ ಹೋಯಿತು.

ನಿಮ್ಮ ‘ಮರುಪೂರಣ’ದ ಹೊತ್ತು ಅದೇ. ಈಶ್ವರ್ ಓಆರ್‌ಎಸ್ ಕಲಸಿದ ಬಾಟಲಿಯನ್ನು ಅವಳ ಕೈಗೆ ಕೊಟ್ಟರು. ಅವಳು ಹಿಡಿದುಕೊಂಡಳು. “ಕುಡಿ” ಎಂದರು. “ಆಮೇಲೆ ಸರ್” ಎಂದಳು. ಒಂಟೆ ಎಂದು ಬೆನ್ನು ತಟ್ಟಿ ಅವರು ಬೇರೆ ಹುಡುಗಿಯರತ್ತ ಹೋದರು. ನಾನು ದೂರದ ಕುರ್ಚಿಯಲ್ಲಿದ್ದೆ. ಅವಳು ಬಾಟಲಿಯನ್ನು ನನ್ನತ್ತ ಎತ್ತಿ ತೋರಿಸಿದಳು. ಬಾಟಲಿ ಕೈಯಲ್ಲಿರುವವರು ನೀರು ಕುಡಿಯುತ್ತಾರೆಂದು ತಿಳಿಯುವುದು ಸಹಜ. ನಿಮ್ಮ ಇಡೀ ಕೈಪಿಡಿ ನಿಂತಿರುವುದು ಆ ನಂಬಿಕೆಯ ಮೇಲೆಯೇ.

ಅವಳು ಎಲ್ಲ ಕುಸ್ತಿಗಳನ್ನೂ ಗೆದ್ದಳು. ಇದು ನಿಮಗೆ ಅನುಕೂಲದ ಸಂಗತಿ. ಕೊನೆಯದರಲ್ಲಿ ತೀರ್ಪುಗಾರರು ಕೈ ಎತ್ತಿದಾಗ ಕಾಲುಗಳು ಸೋತವು. ನಿಮ್ಮ ಚಿತ್ರದಲ್ಲಿ ಅವಳ ಬಾಯಿ ತೆರೆದಿದೆ, ಜನ ಅದನ್ನು ನಗು ಅಂದುಕೊಂಡಿದ್ದಾರೆ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ನೀರು ಕುಡಿದು ಎಷ್ಟು ಹೊತ್ತಾಯಿತೆಂದು ವೈದ್ಯರು ಕೇಳಿದರು. ಈಶ್ವರ್ ನನ್ನನ್ನು ನೋಡಿದರು, ನಾನು ಈಶ್ವರ್ ಅವರನ್ನು ನೋಡಿದೆ. ಕಣ್ಣು ಬಿಟ್ಟ ಮೇಲೆ ಅವಳು ಮೊದಲು ಕೇಳಿದ್ದು ಸೂಜಿಯ ವಿಷಯ.

“ಅಪ್ಪಾಜಿ, ಇದು ಗಂಟ್ಲಿಗೆ ಇಳಿಯಲ್ಲ ಅಲ್ವಾ?”

ಆಗ ನನಗೆ ಎಲ್ಲ ಅರ್ಥವಾಯಿತು. ಮೊದಲೇ ನನಗೆ ಯಾಕೆ ಹೇಳಲಿಲ್ಲವೆಂದು ಕೇಳಿದೆ.

“ಹೇಳಿದ್ರೆ ನೀವು ‘ಏನಾಗಲ್ಲ, ಕುಡಿ’ ಅಂತಿದ್ರಿ. ಆಮೇಲೆ ನಾನು ಕುಡೀಬೇಕಾಗ್ತಿತ್ತು.”

ನಿಧಾನವಾಗಿ ಬಾಯಿಂದಲೂ ಕುಡಿಸಬೇಕೆಂದು ವೈದ್ಯರು ಹೇಳಿ ಹೋದರು. ಅವಳು ತುಟಿ ಬಿಚ್ಚಲಿಲ್ಲ. ನಾನು ಹೇಳಿದೆ, ನರ್ಸ್ ಗದರಿದರು, ಈಶ್ವರ್ ಅಂಗಲಾಚಿದರು. ಟೆಂಪೊ ಇನ್ನೂ ಬಂದಿರಲಿಲ್ಲ. ಸಂಜೆ ಬಸ್ಸಿಗೆ ನನ್ನ ಹೆಂಡತಿ ವಾಣಿಶ್ರೀ, ನನ್ನ ಅವ್ವನನ್ನು ಕರೆದುಕೊಂಡು ಬಂದಳು. ಅವ್ವ ಮಂಚದ ಪಕ್ಕದ ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು. ಯಾರನ್ನೂ ಬೈಯಲಿಲ್ಲ. ಆಮೇಲೆ ತನ್ನ ಕೊರಳಿನ ಕರಡಿಗೆಯನ್ನು ತೆಗೆದು ಹಾಸಿಗೆಯ ಮೇಲೆ, ಮೊಮ್ಮಗಳ ಕೈಯ ಹತ್ತಿರ ಇಟ್ಟಳು. ಲೋಟ ಎತ್ತಿಕೊಂಡು ನೀರು ಕುಡಿದಳು, ಗುಟುಕು ಗುಟುಕಾಗಿ, ಪೂರ್ತಿ. ನನ್ನ ತಾಯಿಯ ಬರಿಗೊರಳನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿ ದಾರದ ಗುರುತೊಂದು ಬೆಳ್ಳಗಿತ್ತು.

“ನೋಡಿದ್ಯಾ? ಏನಾತು ನಂಗೆ? ಶಿವ ಏನು ನೀರು ಕುಡಿಯೋರ ಲೆಕ್ಕ ಇಡಾಕೆ ಕುಂತಾನಾ. ಕುಡಿ ತಾಯಿ. ಇನ್ಮ್ಯಾಲೆ ಮೊದ್ಲು ನೀರು, ಆಮ್ಯಾಲೆ ಲಿಂಗ. ನಾನೇ ಹೇಳಿದ್ದು, ನಾನೇ ತಿದ್ತೀನಿ.”

ಮೈತ್ರಿ ಕುಡಿದಳು. ಕತ್ತಲಾಗುವ ಹೊತ್ತಿಗೆ ಟೆಂಪೊ ಬಂತು. ಚೀಲದ ಜೊತೆಗೆ ಶಿಕ್ಷಕರೊಬ್ಬರು ಪ್ರಸಾದವನ್ನೂ ತಂದುಕೊಟ್ಟರು.

ಮಾನ್ಯರೇ, ನಾನು ನಿಮ್ಮ ಕಚೇರಿಗೆ ಫೋನು ಮಾಡಿದ್ದೆ. ಮಾತಾಡಿದವರು ಸೌಜನ್ಯದಿಂದಲೇ ಮಾತಾಡಿದರು. “ಅದು ಸಲಹೆ ಅಷ್ಟೇ ರೀ, ಆದೇಶ ಅಲ್ಲ. ಪಾಲಿಸಿ ಅಂತ ನಾವೇನು ಒತ್ತಾಯ ಮಾಡಿಲ್ಲ” ಎಂದರು. ಹಾಗಾದರೆ ತೆಗೆಯಿರಿ ಎಂದೆ. “ಪುಸ್ತಕ ಅಪ್ರೂವ್ ಆಗಿದೆಯಲ್ರೀ” ಎಂದರು. ಪಾಲಿಸುವವರಿಗೆ ಸಲಹೆ, ತೆಗೆಯಬೇಕಾದವರಿಗೆ ಶಾಸನ. ನನ್ನ ತಾಯಿಯ ನಿಯಮ ಎಷ್ಟು ನೂರು ವರ್ಷ ಹಳೆಯದೆಂದು ನನಗೆ ಗೊತ್ತಿಲ್ಲ. ಆಕೆ ಅದನ್ನು ತಿದ್ದಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ತೆಗೆದುಕೊಂಡಳು. ಯಾವ ಸಮಿತಿಯನ್ನೂ ಕರೆಯಲಿಲ್ಲ. ನಿಮ್ಮ ವಾಕ್ಯಕ್ಕೆ ಎರಡು ವರ್ಷವೂ ತುಂಬಿಲ್ಲ. ನಮ್ಮಿಬ್ಬರ ಮನೆಗಳಲ್ಲಿ ಮೂಢನಂಬಿಕೆ ಯಾವ ಮನೆಯಲ್ಲಿದೆ?

ನನಗೆ ಸಿಟ್ಟು ಬಂದಿಲ್ಲ. ಬರಬೇಕಿತ್ತೇನೋ. ಊಟದ ಹೊತ್ತಿಗೆ ಅವಳ ತಟ್ಟೆಯನ್ನು ನೋಡುತ್ತೇನೆ, ಏನೂ ಅನ್ನಿಸುವುದಿಲ್ಲ, ನೋಡುತ್ತಿರುತ್ತೇನೆ. ಈಗ ಅವಳ ತೂಕ ನಲವತ್ತೆಂಟು ದಾಟಿದೆ. ಬೆಳೆಯುವ ಹುಡುಗಿ, ಬೆಳೆದಿದ್ದಾಳೆ. ನಿಮ್ಮ ಹದಿನಾಲ್ಕನೇ ಪುಟವನ್ನು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಕನ್ನಡಿಯ ಪಕ್ಕ ಅಂಟಿಸಿಕೊಂಡಿದ್ದಾಳೆ. “ಚಲೋ ಬಂದೈತಲ್ಲ ಅಪ್ಪಾಜಿ?” ಎಂದು ಕೇಳಿದಳು. ಹೌದೆಂದೆ. ಅಜ್ಜಿಯ ಮಾತು ತಿದ್ದಿದ್ದಾಯಿತು. ಈಗ ಅವಳು ನಂಬಿರುವುದು ನಿಮ್ಮ ಮಾತನ್ನು. ಅದನ್ನು ನಾನು ತಿದ್ದಲಾರೆ, ಈಶ್ವರ್ ತಿದ್ದಲಾರರು. ಹೇಳಿದವರೇ ತಿದ್ದಬೇಕು.

ಆದ್ದರಿಂದ ಕೇಳುತ್ತಿದ್ದೇನೆ. ಆ ವಾಕ್ಯವನ್ನು ಅಳಿಸಿ, ಬೆಳೆಯುವ ಮಕ್ಕಳು ತೂಕಕ್ಕಾಗಿ ನೀರು ಬಿಡಕೂಡದು ಎಂದು ಅದೇ ಜಾಗದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಬರೆಯಿರಿ. ಚಿತ್ರವನ್ನು ತೆಗೆಯಿರಿ. ಮೈತ್ರಿ ಮುಂದಿನ ತಿಂಗಳು ತನ್ನ ತೂಕದಲ್ಲೇ ಆಡಲಿ, ಆನವಟ್ಟಿಯ ಹುಡುಗಿಯ ಕೈಯಲ್ಲಿ ಇನ್ನೊಮ್ಮೆ ಸೋಲಲಿ. ಸೋತವರು ಕಾಲ ಮೇಲೆ ನಿಂತು ಕೈಕುಲುಕಿ ಬರುತ್ತಾರೆ.

ಇದನ್ನು ಬರೆಯುತ್ತಿರುವುದು ಪ್ರಾಂಗಣದಲ್ಲಿ ಕುಳಿತು. ಹೊರಗೆ ಬಿಸಿಲಿದೆ. ಸ್ವೆಟರ್ ಹಾಕಿಕೊಂಡು ಅವಳು ಈಗಷ್ಟೇ ಓಡಿಹೋದಳು. ಉಚ್ಚಂಗಪ್ಪನವರು ಈ ಸಲ ಎದ್ದು ಹೋಗಿ, ಅವಳು ತಿರುಗಿ ಬರುವಾಗ ಬಸ್ಸಿಗೆ ಅಡ್ಡವಾಗದಿರಲೆಂದು, ರಸ್ತೆಯ ಮೇಲಿನ ಜೋಳವನ್ನು ಕಾಲಿನಿಂದ ಒಂದಿಷ್ಟು ಅಂಚಿಗೆ ಸರಿಸಿದರು.

ಇಂತಿ,
ನಿಮ್ಮ ಚಿತ್ರದ ಚೌಕಟ್ಟಿನಾಚೆ ಕುರ್ಚಿಯಲ್ಲಿ ಕುಳಿತಿದ್ದವನು,
ದೇವರಾಜ
ಶಿಕಾರಿಪುರ