ಮಣ್ಣಾದ ಗಡ್ಡೆಯ ವರದಿ ಕೇಳಿದವರಿಗೆ

ಕಡತಕ್ಕೆ ಸಹಿ ಹಾಕುವ, ಹಾಕದೆಯೂ ಇರಬಲ್ಲ ಮಾನ್ಯ ಅಧಿಕಾರಿಗಳೇ,

ನನ್ನ ಹೆಂಡತಿ ಖಮರುನ್ನೀಸಾಳ ಮೂಗಿನ ಗಡ್ಡೆಯ ಪರೀಕ್ಷೆಗೆ ಮಂಜೂರಾತಿ ಕೇಳಿದ ಅರ್ಜಿಯನ್ನು ‘ಮೊದಲ ಗಡ್ಡೆಯ ವರದಿ ಲಗತ್ತಿಸಿಲ್ಲ’ ಎಂಬ ಒಂದೇ ಸಾಲು ಬರೆದು ತಾವು ವಾಪಸು ಕಳಿಸಿದ್ದೀರಿ. ಬರುವ ಗುರುವಾರ ಅವಳಿಗೆ ಎರಡನೇ ಆಪರೇಷನ್. ಆ ವರದಿ ಯಾಕಿಲ್ಲ ಎಂದು ತಾವು ಕೇಳಲಿಲ್ಲ. ಕೇಳದಿದ್ದರೂ ನಾಲ್ಕು ಜನರ ಮುಂದೆಯೇ ಹೇಳುತ್ತೇನೆ: ಆ ಗಡ್ಡೆಯನ್ನು ನಾನು ಹೂತುಬಿಟ್ಟೆ.

ನಾನು ಸಂತೇಬೆನ್ನೂರಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಖಮರುನ್ನೀಸಾಳ ಬಲಮೂಗು ಕಟ್ಟಿದಾಗ ಹತ್ತಿಯ ಧೂಳೆಂದು ಆರು ತಿಂಗಳು ಸುಮ್ಮನಿದ್ದೆವು. ರಕ್ತ ಬಂದ ಮೇಲೆ ತಮ್ಮ ಕೈಕೆಳಗಿನ ಆಸ್ಪತ್ರೆಗೆ ಕರೆತಂದೆ. ಗಡ್ಡೆ ತೆಗೆದರು. ನರ್ಸಮ್ಮ ಅದನ್ನು ಹಾಕಿದ ಪ್ಲಾಸ್ಟಿಕ್ ಡಬ್ಬಿಯನ್ನೂ ಒಂದು ಇಂಗ್ಲಿಷ್ ಚೀಟಿಯನ್ನೂ ನನ್ನ ಕೈಗಿಟ್ಟು ಮುಂದಿನ ಮಂಚಕ್ಕೆ ಹೋದರು. ಒಂದು ಮಾತಿಲ್ಲ. ನನ್ನ ಮಕ್ಕಳು ಹುಟ್ಟಿದಾಗಲೂ ಅಲ್ಲಿ ಹೆರಿಗೆಯ ಮಾಸನ್ನು ಹೀಗೇ ಕೈಗೆ ಕೊಟ್ಟಿದ್ದರು, ಒಯ್ದು ಹೂತಿದ್ದೆವು. ದೇಹದಿಂದ ಬೇರೆಯಾದದ್ದು ಮಣ್ಣು ಸೇರಬೇಕೆಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಖಬರಸ್ತಾನದ ಮೂಲೆಯಲ್ಲಿ ಗುಂಡಿ ತೋಡಿ, ಬಿಸ್ಮಿಲ್ಲಾ ಹೇಳಿ ಮುಚ್ಚಿದೆ. ಉಸಿರು ಸರಾಗವಾಯಿತೆಂದು ಮತ್ತೆ ತೋರಿಸಲೂ ಹೋಗಲಿಲ್ಲ, ಅದು ನನ್ನದೇ ತಪ್ಪು. ಲ್ಯಾಬಿಗೆ ಕೊಡಬೇಕಿತ್ತೆಂದು ಗೊತ್ತಾದದ್ದು ಹನ್ನೊಂದು ತಿಂಗಳ ಮೇಲೆ, ಅದೇ ಜಾಗದಲ್ಲಿ ಗಡ್ಡೆ ಮತ್ತೆ ಬೆಳೆದಾಗ.

ಈಗಿನ ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದರು: “ಸಾದಾ ಗಡ್ಡೆ ಇದ್ದಂಗೆ ಕಾಣ್ತೈತೆ ರೀ, ಆದ್ರೆ ತಿರುಗಿ ಬರೋ ಜಾತಿ. ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗೋದೂ ಐತೆ, ಅದಕ್ಕೇ ಪರೀಕ್ಷೆ ಮಾಡಿಸ್ಬೇಕು. ಇಂಥಾ ಕೆಲವು ಗಡ್ಡೇಲಿ ವೈರಸ್ ಸಿಕ್ಕೈತೆ. ಅದೇ ಬೆಳೆಸ್ತೈತೋ, ಸುಮ್ನೆ ಬಂದು ಕೂತಿರ್ತೈತೋ, ಇನ್ನೂ ಖಚಿತ ಇಲ್ಲ.” ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಅವರ ಮೇಲೆ ನನಗೆ ಗೌರವವಿದೆ.

ಆದರೆ ವೈರಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಖಮರುನ್ನೀಸಾ ಮೂರು ತಿಂಗಳ ಮೊಮ್ಮಗಳು ರುಹೀನಾಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಳು. “ಎತ್ಕೊಂಡ್ರೆ ಹರಡೋ ಅಂಥದ್ದಲ್ಲ ರೀ” ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ಇವಳದು ಒಂದೇ ಮಾತು: “ಕಾಗದದಾಗೆ ಬರ್ಲಿ, ಆಮ್ಯಾಲೆ ಎತ್ಕೊಂತೀನಿ.” ಮಗು ಅತ್ತರೆ ಮೂಗಿಗೆ ಸೆರಗು ಒತ್ತಿಕೊಂಡು ಬಾಗಿಲಾಚೆ ನಿಂತು ಜೋಗುಳ ಹಾಡುತ್ತಾಳೆ. ನೋಡಿದರೆ ನನಗೆ ಅಳು ಬರುತ್ತದೆ ಸ್ವಾಮೀ, ಆಮೇಲೆ ತಮ್ಮ ಮೇಲೆ ಸಿಟ್ಟು ಬರುತ್ತದೆ.

ಮೊದಲ ವರದಿಯೇ ಬೇಕೇ? ಸಲಿಕೆ ನಾನು ತರುತ್ತೇನೆ, ಸೀಲು ತಾವು ತನ್ನಿ. ವರ್ಷ ತುಂಬಿದ ಮಣ್ಣಿನಲ್ಲಿ ಮೂಗು ಯಾವುದು, ಮಣ್ಣು ಯಾವುದು ಎಂದು ತಮ್ಮ ಕಚೇರಿ ಆರಿಸಿಕೊಡುತ್ತದೆಯೇ? ಇಂಗ್ಲಿಷ್ ಓದಲು ಬಾರದವನ ಕೈಗೆ ಇಂಗ್ಲಿಷ್ ಚೀಟಿ ಕೊಟ್ಟವರದು ನಿಯಮ, ಹೂತವನದು ಮಾತ್ರ ಅಪರಾಧವೇ? ಆ ಡಬ್ಬಿ ಸೇರಬೇಕಿದ್ದ ಲ್ಯಾಬನ್ನು ನೋಡಲೆಂದೇ ಹೋದ ತಿಂಗಳು ಹೋಗಿದ್ದೆ. ಬೆಂಚಿನ ಮೇಲೆ ಜಗಳೂರು ಕಡೆಯ ಓಬವ್ವ ಎಂಬುವರು ತಂಗಿಯ ಗಂಟಲ ಗಡ್ಡೆಯನ್ನು ಬುತ್ತಿಚೀಲದಲ್ಲಿಟ್ಟುಕೊಂಡು ಕೂತಿದ್ದರು. “ಇದ್ನ ಯಾರಿಗೆ ಕೊಡ್ಬೇಕಣ್ಣಾ?” ಎಂದು ಕೇಳಿದರು. ಕೇಳಿ ಕೇಳಿ ನನ್ನನ್ನು! ಹೊನ್ನಾಳಿ, ನ್ಯಾಮತಿಯ ಡಬ್ಬಿಗಳೂ ಹೀಗೇ ಬಸ್ಸಿನಲ್ಲಿ ಬರುತ್ತವಂತೆ. ಅವುಗಳಲ್ಲಿ ಎಷ್ಟು ದಾರಿಯಲ್ಲೇ ಇಳಿದುಹೋದವು, ತಮಗೆ ಗೊತ್ತೇ?

ಗುರುವಾರದೊಳಗೆ ಮಂಜೂರಾತಿ ಕೊಡಿ. ತೆಗೆದ ಗಡ್ಡೆಯನ್ನು ಆಸ್ಪತ್ರೆಯವರೇ ಲ್ಯಾಬಿಗೆ ಮುಟ್ಟಿಸಲಿ. ಕ್ಯಾನ್ಸರ್ ಇದೆಯೋ ನೋಡಲಿ, ವೈರಸ್ಸನ್ನೂ ನೋಡಲಿ. ವೈರಸ್ ಸಿಗಬಹುದು, ಸಿಗದಿರಬಹುದು. ಸಿಕ್ಕರೂ ಅದೇ ಕಾರಣವೆನ್ನಲು ಆಗದಿರಬಹುದು. ಹಾಗೆಂದೇ ಬರೆಯಲಿ. ಕೊನೆಗೆ ‘ಮಗುವನ್ನು ಎತ್ತಿಕೊಳ್ಳಬಹುದು’ ಎಂದು ಕನ್ನಡದಲ್ಲಿ ಒಂದು ಸಾಲು ಸೇರಿಸಲಿ. ಅವಳು ಕಾಯುತ್ತಿರುವುದು ಆ ಸಾಲಿಗೆ. ಈ ಸಲ ಡಬ್ಬಿ ಕೊಡಲು ಬಂದರೆ ನಾನು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತೇನೆ.

ಇಂತಿ,
ಹೆಂಡತಿಯ ವರದಿಗೆ ಕೈಯಾರೆ ಮಣ್ಣು ಕೊಟ್ಟ
ನಿಯಾಜ್ ಅಹಮದ್,
ಗಾದಿ ಹೊಲಿಯುವವನು, ಸಂತೇಬೆನ್ನೂರು