ಅಪ್ಪನ ಮಖಮಲ್ಲಿನ ಮೇಲೆ ಮೇಣ

ಗುರುವಾರ, ಹದಿನಾಲ್ಕು. ರಾತ್ರಿ.

ಅಪ್ಪ ರಾಜನ ಪಾತ್ರಕ್ಕೆ ತೊಡುತ್ತಿದ್ದ ಮಖಮಲ್ಲಿನ ನಿಲುವಂಗಿಗೆ ಇಂದು ಮೇಣದ ಅಭಿಷೇಕವಾಯಿತು! ಮಾಡಿದವನು ನನ್ನ ಭಾವಮೈದುನ, ಮೂರ್ಖರ ಚಕ್ರವರ್ತಿ. ಸಂಜೆ ಕರೆಂಟು ಹೋದಾಗ ಮಹಾಶಯ ಮೇಣದಬತ್ತಿಯನ್ನು ಒಂದು ತಟ್ಟೆಯೂ ಇಲ್ಲದೆ ಕಿಟಕಿಕಟ್ಟೆಗೆ ಅಂಟಿಸಿ, ನಿಲುವಂಗಿ ತೊಟ್ಟು, ನನಗೇ ಅಭಿನಯ ಕಲಿಸಲು ನಿಂತ. ನನಗೆ!

"ನೋಡಿ ಭಾವ, ರಾಜ ಅಂದ್ರೆ ಹೀಗಿರ್ಬೇಕು!" ಎಂದು ಕೈ ಬೀಸಿದ. ಬತ್ತಿ ಉರುಳಿ, ನಿಲುವಂಗಿಗೆ ಮೇಣ ಚೆಲ್ಲಿ, ಆರಿತು. ಅದನ್ನಾದರೂ ಕ್ಷಮಿಸಬಹುದಿತ್ತು. ಮೇಣ ಗಟ್ಟಿಯಾಗುವ ಮೊದಲೇ ಒದ್ದೆ ಬಟ್ಟೆಯಿಂದ ಗಸಗಸ ಉಜ್ಜಿ ಒಳಕ್ಕಿಳಿಸಿದನಲ್ಲ, ಆ ಬುದ್ಧಿಗೆ ಏನೆನ್ನಲಿ?

ನಿಲುವಂಗಿ ಕಿತ್ತುಕೊಂಡೆ. ಟಾರ್ಚ್ ಬೆಳಕಿನಲ್ಲಿ ಮಂಜುಗಡ್ಡೆ ಇಟ್ಟು, ಗಟ್ಟಿಯಾದ ಮೇಣವನ್ನು ಚಮಚದಿಂದ ಎಬ್ಬಿಸಿದೆ. ಕರೆಂಟು ಬಂದ ಮೇಲೆ ಕಾಗದ ಹಾಸಿ, ಬಟ್ಟೆಯ ಹಿಂಬದಿಯಿಂದ ಹದವಾಗಿ ಇಸ್ತ್ರಿ ಒತ್ತಿದೆ. ಕಾಗದ ಮೇಣ ಹೀರಿತು. ಕಾಗದ ಬದಲಿಸಿದಾಗಲೆಲ್ಲ ಅವನ ಜನ್ಮ ಜಾಲಾಡಿದೆ. ಸಭೆಯಿದ್ದಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ನಿಮ್ಮ ನಾಟ್ಕ ಮುಗೀತಾ? ಕಿಟಕಿ ಪರದೆ ನೋಡಿದ್ರಾ?"

ನೋಡಿದೆ. ಬತ್ತಿ ಉರುಳುವಾಗ ತಗುಲಿರಬೇಕು, ಅಂಚು ಎರಡು ಬೆರಳಗಲ ಸುಟ್ಟು ಕರಕಲಾಗಿತ್ತು. ಅದರ ಕೆಳಗೇ ಮಗಳ ತೊಟ್ಟಿಲು. ನನ್ನ ಗರ್ಜನೆಗೂ ಏಳದೆ ಮಲಗಿದ್ದಳು ಕಂದ.

ಪುಣ್ಯಕ್ಕೆ ಬೆಂಕಿ ತಾನೇ ಆರಿದೆ. ನಾನು ಅಷ್ಟು ಹೊತ್ತೂ ಬಟ್ಟೆಯ ಮೇಲೆ ಬಗ್ಗಿಕೊಂಡಿದ್ದೆ. ಮೂರ್ಖರ ಚಕ್ರವರ್ತಿ ಪಟ್ಟಕ್ಕೆ ಈ ಮನೆಯಲ್ಲಿ ಇಬ್ಬರಿದ್ದೇವೆ.

ತೊಟ್ಟಿಲನ್ನು ನನ್ನ ಮಂಚದ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ನಿಲುವಂಗಿ ನೆಲದ ಮೇಲೆ ಬಿದ್ದಿದೆ. ಎತ್ತಿಡಬೇಕು ಅನ್ನಿಸುತ್ತಿಲ್ಲ.