ಬಾಯಿ ತೆರೆಯದವಳಿಗೆ ಮೌನದ ಆಜ್ಞೆ

ಮಾನ್ಯ ಸಭಾಸಮಿತಿಯ ಅಧ್ಯಕ್ಷರೇ,

ನನ್ನ ಸೊಸೆ ನಿಮ್ಮ ಆರಾಧನಾಲಯದ ಮುಂಭಾಗದಲ್ಲಿ ಒಂಬತ್ತು ವರ್ಷ ನಿಂತಳು. ಆ ಒಂಬತ್ತು ವರ್ಷಗಳಲ್ಲಿ ಅಲ್ಲಿ ಒಂದೇ ಒಂದು ಶಬ್ದವನ್ನೂ ಉಚ್ಚರಿಸಲಿಲ್ಲ. ಸಭೆಯಲ್ಲಿ ಹೆಂಗಸರು ಮೌನವಾಗಿರಬೇಕೆಂದು ಅಪೊಸ್ತಲನು ಬರೆದಿದ್ದಾನೆಂದು ಹೇಳಿ ನೀವು ಅವಳನ್ನು ಅಲ್ಲಿಂದ ಇಳಿಸಿದಿರಿ. ಅಪೊಸ್ತಲನ ಆ ಮಾತನ್ನು ಇಷ್ಟು ಸಂಪೂರ್ಣವಾಗಿ ಪಾಲಿಸಿದ ಇನ್ನೊಬ್ಬ ಹೆಂಗಸನ್ನು, ಹೆಂಗಸು ಹಾಗಿರಲಿ ಗಂಡಸನ್ನಾದರೂ, ನಿಮ್ಮ ಸಭೆಯಲ್ಲಿ ತೋರಿಸಿದರೆ ಈ ಪತ್ರವನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ತೋರಿಸಲಾರಿರಿ. ಆದ್ದರಿಂದ ಮುಂದುವರಿಸುತ್ತೇನೆ.

ಇದನ್ನು ಮೊದಲು ಸಭೆಯ ಮಾಸಪತ್ರಿಕೆಗೇ ಕಳುಹಿಸಿದ್ದೆ. ಸ್ಥಳಾಭಾವವೆಂದು ಹಿಂದಿರುಗಿಸಿದರು. ಅದೇ ಸಂಚಿಕೆಯಲ್ಲಿ ತಾವು ಬರೆದ ‘ಕ್ರಿಸ್ತೀಯ ಕುಟುಂಬದ ಸುಖಕ್ಕೆ ಹನ್ನೆರಡು ಸೂತ್ರಗಳು’ ಎರಡೂವರೆ ಪುಟ ಹಬ್ಬಿಕೊಂಡಿತ್ತು. ನನ್ನ ಕುಟುಂಬದ ದುಃಖಕ್ಕೆ ಜಾಗ ಉಳಿಯದಿದ್ದುದು ಸಹಜವೇ. ಹೀಗಾಗಿ ಊರೆಲ್ಲ ಓದುವ ಪತ್ರಿಕೆಗೆ ಬಂದಿದ್ದೇನೆ.

ಊರಿನವರಿಗೆ ಹಿನ್ನೆಲೆ ತಿಳಿಯಬೇಕಲ್ಲ. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ನನ್ನ ಮಗ ಮೂರನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಕಳೆದುಕೊಂಡ. ಈಗ ನನ್ನ ಅಂಗಡಿಯಲ್ಲೇ ಕಾಗದ ಕತ್ತರಿಸುವ ಯಂತ್ರ ನಡೆಸುತ್ತಾನೆ; ಐನೂರು ಹಾಳೆಯ ಕಟ್ಟನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಕತ್ತರಿಸುತ್ತಾನೆ. ಸೊಸೆಗೆ ಕಿವಿ ಕೇಳಿಸುತ್ತದೆ. ಆದರೆ ಅವಳ ತಂದೆತಾಯಿ ಇಬ್ಬರೂ ಕಿವುಡರು. ಬಾಯಿಮಾತಿಗಿಂತ ಮೊದಲು ಕೈಮಾತು ಕಲಿತವಳು. ಮದುವೆಯಾದ ಮೇಲೆ ಪ್ರತಿ ಭಾನುವಾರ ಗಂಡನ ಪಕ್ಕದಲ್ಲಿ ಕೂತು ಸಭಾಪಾಲಕರ ಪ್ರಸಂಗವನ್ನು ಅವನಿಗೆ ಕೈಯಲ್ಲಿ ಹೇಳುತ್ತಿದ್ದಳು. ಚಪ್ಪಲಿ ಹೊಲಿಯುವ ಕಿವುಡನೊಬ್ಬ ಬಾಗಿಲಿನಿಂದ ಅದನ್ನು ಕಂಡು ಒಳಗೆ ಬಂದ. ಆಮೇಲೆ ಇಸ್ತ್ರಿ ಅಂಗಡಿಯ ಅಕ್ಕತಂಗಿಯರು, ಹೊಲಿಗೆ ಕಾರ್ಖಾನೆಯ ಒಬ್ಬಳು, ಗಡಿಯಾರ ರಿಪೇರಿಯ ಮುದುಕ, ಅವನ ಹೆಂಡತಿ. ನನ್ನ ಮಗನೂ ಸೇರಿ ಏಳು ಜನ ಕಿವುಡರು. ಏಳು ಜನರಿಗೆ ಕಾಣಬೇಕಾದರೆ ಎದ್ದು ಮುಂದೆ ನಿಲ್ಲಲೇಬೇಕು. ಆಗಿನ ಸಭಾಪಾಲಕರೇ ಅವಳಿಗೆ ಪೀಠದ ಎಡಗಡೆ, ಕಿಟಕಿಯ ಬೆಳಕು ಬೀಳುವಲ್ಲಿ, ಜಾಗ ತೋರಿಸಿದರು. ಗಡಿಯಾರದ ಮುದುಕ ಒಮ್ಮೆ ನನ್ನ ಅಂಗಡಿಗೆ ಬಂದು ಕೈಯಲ್ಲಿ ಹೇಳಿದ: ‘ಅರವತ್ತು ವರ್ಷ ಜನ ಕಣ್ಣು ಮುಚ್ಚಿಕೊಂಡು ತುಟಿ ಆಡಿಸೋದನ್ನ ನೋಡಿದ್ದೆ. ಒಳಗೆ ಏನು ನಡೀತಿತ್ತು ಅಂತ ಈಗ ಗೊತ್ತಾಯ್ತು.’

ಇದರಿಂದ ಯಾರಿಗೆ ಏನು ನೋವಾಯಿತು? ನಿಮ್ಮ ಸಮಿತಿಗೆ ಬಂದ ದೂರಿನಲ್ಲಿ ‘ಪ್ರಸಂಗದ ವೇಳೆ ಸಭೆಯ ದೃಷ್ಟಿಯು ಸಭಾಪಾಲಕರಿಂದ ಸದರಿ ಸಹೋದರಿಯ ಕಡೆಗೆ ಹರಿಯುತ್ತಿದೆ’ ಎಂದಿತ್ತಂತೆ. ಐವತ್ತು ನಿಮಿಷದ ಪ್ರಸಂಗದಲ್ಲಿ ದೃಷ್ಟಿ ಎಲ್ಲಿಗಾದರೂ ಹರಿಯಲೇಬೇಕಲ್ಲ. ಮೊದಲು ಗೋಡೆ ಗಡಿಯಾರದ ಕಡೆಗೆ ಹರಿಯುತ್ತಿತ್ತು. ಆ ಗಡಿಯಾರಕ್ಕೆ ನೀವು ಇದುವರೆಗೆ ನೋಟಿಸು ಕೊಟ್ಟಂತಿಲ್ಲ. ಎರಡನೆಯ ಆಕ್ಷೇಪ ಇನ್ನೂ ಘನವಾದದ್ದು. ಹೆಂಗಸು ಸಭೆಗೆ ಮುಖ ಮಾಡಿ ನಿಂತರೆ ಅದು ಬೋಧನೆ. ಹೆಂಗಸು ಗಂಡಸರಿಗೆ ಬೋಧಿಸಬಾರದು. ಹಾಗಾದರೆ ನೆಲ ಒರೆಸುವವಳು ಬಾಗಿಲ ಕಡೆ ಮುಖ ಮಾಡಿ ಒರೆಸುವಾಗ ಏನನ್ನು ಬೋಧಿಸುತ್ತಾಳೆ?

ಹತ್ತು ತಿಂಗಳ ಹಿಂದೆ ನೀವು ನನ್ನ ಮಗನನ್ನು ಸಮಿತಿಯ ಕೋಣೆಗೆ ಕರೆಸಿದಿರಿ. ಅವಳನ್ನಲ್ಲ, ಅವನನ್ನು. ಹೆಂಡತಿಗೆ ಬುದ್ಧಿ ಹೇಳಬೇಕಾದವನು ಗಂಡ ಎಂಬುದು ನಿಮ್ಮ ಸೂತ್ರಗಳಲ್ಲಿ ನಾಲ್ಕನೆಯದು. ಉದ್ದನೆಯ ಮೇಜು, ಮುಚ್ಚಳವಿಟ್ಟ ನೀರಿನ ಲೋಟಗಳು, ಮೇಜಿನಾಚೆ ನೀವು, ಕಾರ್ಯದರ್ಶಿಗಳು, ಔಷಧ ಅಂಗಡಿಯ ಹಿರಿಯರು. ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ; ಕೈಮಾತು ನೋಡಿದರೆ ನನಗೆ ತಿಳಿಯುತ್ತದೆ, ಉದ್ದಕ್ಕೆ ಆಡಲು ಬಾರದು. ಎಲ್ಲವೂ ಸಿದ್ಧವಾಗಿತ್ತು. ಅವನಿಗೆ ಕಿವಿ ಕೇಳಿಸುವುದಿಲ್ಲ ಎಂಬುದೊಂದು ನಿಮಗೆ ಆಗ ಹೊಳೆಯಿತು. ಐದು ನಿಮಿಷ ಒಬ್ಬರ ಮುಖ ಒಬ್ಬರು ನೋಡಿದಿರಿ. ಆಮೇಲೆ ಹೊರಗೆ ವರಾಂಡದಲ್ಲಿ ಕಾಯುತ್ತಿದ್ದ ಅವಳನ್ನು ಒಳಗೆ ಕರೆದಿರಿ.

“ಅವನಿಗೆ ಹೇಳಮ್ಮ,” ಎಂದಿರಿ ನೀವು, “ಮನೆಗೆ ಗಂಡನೇ ತಲೆ. ಹೆಂಡತಿ ಹದ್ದು ಮೀರಿದರೆ ದೇವರ ಮುಂದೆ ಲೆಕ್ಕ ಕೊಡಬೇಕಾದವನು ಅವನು.”

ಅವಳು ಹೇಳಿದಳು. ಅವನು ಕೈಯಲ್ಲಿ ಏನೋ ಕೇಳಿದ. ಅವಳು ಗಂಡನ ಮಾತನ್ನು ಗಂಡನ ಮಾತಾಗಿಯೇ ನುಡಿದಳು: “ನನ್ನ ಹೆಂಡತಿ ಏನು ತಪ್ಪು ಮಾಡಿದಳು?”

ಕಾರ್ಯದರ್ಶಿಗಳು ಕನ್ನಡಕ ತೆಗೆದರು. “ಇದನ್ನ ಅವನು ಕೇಳ್ತಿದ್ದಾನೋ ನೀನು ಕೇಳ್ತಿದ್ದೀಯೋ?”

“ಅವರೇ, ಸರ್. ನಾನು ಕೇಳೋದಾಗಿದ್ರೆ ಇಷ್ಟು ಮೆತ್ತಗೆ ಕೇಳ್ತಿರಲಿಲ್ಲ.”

“ನೋಡಿ, ಇದೇ ನಾನು ಹೇಳಿದ್ದು,” ಎಂದರು ಔಷಧ ಅಂಗಡಿಯವರು. “ಬಾಯಿ ನೋಡಿ.”

ಅದನ್ನೂ ಅವಳು ಒಂದಕ್ಷರ ಬಿಡದೆ ಗಂಡನಿಗೆ ಕೈಯಲ್ಲಿ ಹೇಳಿದಳು. ಆಮೇಲೆ ಅವನ ಕೈಗಳು ಆಡಿದವು. ಅವಳು ನುಡಿದಳು: “ನಾನು ತಲೆ ಅಂತ ನೀವೇ ಹೇಳಿದ್ರಿ. ಸರಿ. ತಲೆ ಹೇಳ್ತಾ ಇದೆ. ಅವಳು ಅಲ್ಲೇ ನಿಲ್ಲಲಿ.”

ಆ ಕ್ಷಣ ನೆನಪಿದೆಯೇ? ಅಷ್ಟು ವರ್ಷ ನೀವು ಗಂಡಂದಿರಿಗೆ ಕೊಟ್ಟುಕೊಂಡು ಬಂದ ಅಧಿಕಾರವನ್ನು ಒಬ್ಬ ಗಂಡ ಮೊದಲ ಸಲ ಬಳಸಿದ್ದ, ಅದೂ ಹೆಂಡತಿಯನ್ನು ಎಬ್ಬಿಸಿ ನಿಲ್ಲಿಸುವುದಕ್ಕೆ. ಆಗ ನೀವು ಆಡಿದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ. “ಇದು ಅವನೇ ಹೇಳಿದ್ದು ಅಂತ ನಮಗೇನು ಗ್ಯಾರಂಟಿ?”

ಪುನರುತ್ಥಾನದ ಬೆಳಿಗ್ಗೆ ಸಮಾಧಿಯಿಂದ ಓಡಿ ಬಂದ ಹೆಂಗಸರ ಮಾತನ್ನು ಶಿಷ್ಯರು ಹರಟೆಯೆಂದು ತಳ್ಳಿಹಾಕಿದರಲ್ಲ, ಅವರೂ ಇದನ್ನೇ ಕೇಳಿದ್ದು. ಪ್ರತಿವರ್ಷ ಆ ಭಾಗವನ್ನು ಪೀಠದಿಂದ ಓದಿಸುತ್ತೀರಿ, ಕೇಳುವವರು ತಲೆದೂಗುತ್ತಾರೆ, ಆದರೆ ಆ ಶಿಷ್ಯರ ಕುರ್ಚಿಯಲ್ಲಿ ತಾವೇ ಕೂತಿದ್ದೀರೆಂಬುದು ಯಾರಿಗೂ ಹೊಳೆಯುವುದಿಲ್ಲ. ನನ್ನ ಮಗ ಜೇಬಿನಿಂದ ಪೆನ್ನು ತೆಗೆದು, ನಿಮ್ಮ ಕಾರ್ಯಸೂಚಿಯ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ‘ನಾನೇ ಹೇಳಿದ್ದು’ ಎಂದು ಬರೆದು ಮೇಜಿನ ಮೇಲೆ ತಳ್ಳಿದ. ಕಾರ್ಯದರ್ಶಿಗಳು ಅದನ್ನು ಕಡತದೊಳಗೆ ಸೇರಿಸಿದರು. ಮುಂದಿನ ವಾರ ಪತ್ರ ಬಂತು. ಸದರಿ ಸಹೋದರಿಯು ಸಭೆಗೆ ಮುಖ ಮಾಡಿ ನಿಲ್ಲುವುದನ್ನು ಈ ಕೂಡಲೇ ಸ್ಥಗಿತಗೊಳಿಸತಕ್ಕದ್ದು. ಅವಳ ಬದಲಿಗೆ ಕಾರ್ಯದರ್ಶಿಗಳ ಅಳಿಯ, ಮೂರು ದಿನದ ತರಬೇತಿ ಪಡೆದು ಬಂದವನು.

ಹನ್ನೊಂದು ವರ್ಷದ ಹಿಂದೆ ಅವರ ಮದುವೆಯಲ್ಲಿ ಹಿತವಚನ ಹೇಳಿದವರು ತಾವೇ. ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲವೆಂದು ದೇವರು ಅವನಿಗೆ ತಕ್ಕ ಸಹಕಾರಿಯನ್ನು ಉಂಟುಮಾಡಿದ ಕಥೆ ಹೇಳಿದಿರಿ. “ಮಗಳೇ, ಇವತ್ತಿಂದ ನೀನೇ ಇವನ ಕಿವಿ, ನೀನೇ ಇವನ ಬಾಯಿ. ಇನ್ನು ನೀವು ಇಬ್ಬರಲ್ಲ, ಒಂದೇ ಶರೀರ,” ಎಂದಿರಿ. ಅವಳು ಮದುವೆಯ ಉಡುಪಿನಲ್ಲಿ, ಹೂಗುಚ್ಛವನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಇಡೀ ಸಭೆಗೆ ಮುಖ ಮಾಡಿ ನಿಂತು, ತಮ್ಮ ಆ ಮಾತನ್ನು ಮದುಮಗನಿಗೆ ಕೈಯಲ್ಲಿ ಹೇಳಿದಳು. ತಾವು ಕಣ್ಣೊರೆಸಿಕೊಂಡಿರಿ. ಒಂದೇ ಶರೀರ ಎಂದವರು ಈಗ ಅದೇ ಶರೀರದ ಕೈಗಳನ್ನು ಯಾವ ಶಾಸ್ತ್ರದಿಂದ ಬೇರೆ ಮಾಡುತ್ತಿದ್ದೀರಿ? ತೊದಲು ನಾಲಿಗೆಯ ಮೋಶೆಗೆ ದೇವರು ಅಣ್ಣನನ್ನು ಬಾಯಿಯಾಗಿ ಕೊಟ್ಟನು. ಮಾತು ನಿಂತುಹೋದ ಯಾಜಕ ದೇವಾಲಯದಿಂದ ಹೊರಬಂದು ಜನರೊಡನೆ ಕೈಸನ್ನೆಯಲ್ಲೇ ವ್ಯವಹರಿಸಿದನು. ಕಿವುಡನೊಬ್ಬನನ್ನು ಕರೆತಂದಾಗ ಕರ್ತನು ಏನು ಮಾಡಿದನು? ಅವನನ್ನು ಗುಂಪಿನಿಂದ ಆಚೆ ಕರೆದೊಯ್ದು, ಮೊದಲು ಬೆರಳುಗಳನ್ನು ಅವನ ಕಿವಿಯಲ್ಲಿಟ್ಟು, ನಾಲಿಗೆ ಮುಟ್ಟಿ, ಆಕಾಶದ ಕಡೆ ನೋಡಿದನು. ಕಿವುಡನಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡಿದನು. ಮಾತು ಬಂದದ್ದು ಆಮೇಲೆ. ಸಮಿತಿಯ ಅನುಮತಿ ಪಡೆದಂತೆ ಎಲ್ಲಿಯೂ ಬರೆದಿಲ್ಲ.

ಈಗ ನನ್ನ ಹೆಂಡತಿಯ ವಿಷಯ. ಇದನ್ನು ಬರೆಯಬಾರದೆಂದಿದ್ದೆ.

ನಾಲ್ಕು ತಿಂಗಳ ಹಿಂದೆ ಅವಳು ತೀರಿಕೊಂಡಳು. ಅಂತಿಮ ಆರಾಧನೆಯ ದಿನವಾದರೂ ಸೊಸೆ ಮುಂದೆ ನಿಲ್ಲಲಿ ಎಂದು ನಾನೇ ಬಂದು ಕೇಳಿದೆ. ನಿಯಮವೆಂದರೆ ನಿಯಮ, ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದಿರಿ. ಎಲ್ಲರೂ ಎಂದರೆ ಯಾರು? ಊರಿನಲ್ಲಿ ಇನ್ನೆಷ್ಟು ಹೆಂಗಸರು ಅತ್ತೆಯ ಶವಪೆಟ್ಟಿಗೆಯ ಪಕ್ಕ ನಿಂತು ಕೈಯಲ್ಲಿ ಮಾತಾಡಲು ಸಾಲುಗಟ್ಟಿ ಕಾದಿದ್ದರು?

ಅಳಿಯ ನಿಂತ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಗೊತ್ತಿದ್ದದ್ದು ನಲವತ್ತು ಸನ್ನೆ. ಸಭಾಪಾಲಕರು ಇಪ್ಪತ್ತೈದು ನಿಮಿಷ ಮಾತಾಡಿದರು. ಅವನು ಅಮ್ಮ ಎಂದ, ದೇವರು ಎಂದ, ಮನೆ ಎಂದ, ಒಳ್ಳೆಯದು ಎಂದ. ಮತ್ತೆ ಅಮ್ಮ, ಮತ್ತೆ ಒಳ್ಳೆಯದು. ನಡುವೆ ಸಭಾಪಾಲಕರು, ನನ್ನ ಹೆಂಡತಿ ಕೊನೆಯ ವಾರದಲ್ಲಿ ಅವರಿಗೆ ಹೇಳಿದ ಸಂಗತಿಯೊಂದನ್ನು ಹೇಳಿದರು. ಮಗುವಿಗೆ ಇನ್ನು ಕಿವಿ ಕೇಳಿಸುವುದಿಲ್ಲವೆಂದು ವೈದ್ಯರು ಹೇಳಿದ ದಿನದಿಂದ ಒಂದು ವರ್ಷ ಕಾಲ ಅವಳು ಮನೆಯಲ್ಲಿರುವಾಗೆಲ್ಲ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಬದುಕಿದಳು. ಹಾಲು ಉಕ್ಕಿದ್ದು ತಿಳಿಯುತ್ತಿರಲಿಲ್ಲ, ಬಾಗಿಲು ಬಡಿದದ್ದು ತಿಳಿಯುತ್ತಿರಲಿಲ್ಲ. ‘ಅವನು ಇರೋ ಕಡೆ ನಾನೂ ಸ್ವಲ್ಪ ದಿನ ಇದ್ದು ಬರ್ತೀನಿ’ ಎನ್ನುತ್ತಿದ್ದಳು. ಇದು ನನಗೆ ಗೊತ್ತಿತ್ತು. ಮಗನಿಗೆ ಹೇಳಕೂಡದೆಂದು ಮಾತು ತೆಗೆದುಕೊಂಡಿದ್ದಳು. ಸಾಯುವ ಮುನ್ನ ಅವನಿಗೆ ತಿಳಿಯಲೆಂದು ಅವಳಿಗೆ ಅನಿಸಿರಬೇಕು. ಅದಕ್ಕೇ ಪೀಠದಿಂದ ಹೇಳಲು ಒಪ್ಪಿಗೆ ಕೊಟ್ಟಿದ್ದಳು.

ಮುನ್ನೂರು ಜನ ಅತ್ತರು. ಎಲ್ಲರೂ ಅಳುತ್ತಾ ನನ್ನ ಮಗನ ಕಡೆ ನೋಡಿದರು. ಅವನು ಮುಂದಿನ ಸಾಲಿನಲ್ಲಿ ಕೂತು ಹಿಂದೆ ತಿರುಗಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಎಲ್ಲರೂ ತನ್ನನ್ನೇ ನೋಡಿ ಯಾಕೆ ಅಳುತ್ತಿದ್ದಾರೆಂದು ಹುಡುಕಿದ. ಅಳಿಯನನ್ನು ನೋಡಿದ. ಅಳಿಯ, ‘ಅಮ್ಮ. ಒಳ್ಳೆಯದು’ ಎಂದ.

ತನ್ನ ತಾಯಿಯ ಬಗ್ಗೆ ಹೇಳಿದ ಆ ಮಾತು ಆ ಮುನ್ನೂರು ಜನರಲ್ಲಿ ತಲುಪದೇ ಹೋದದ್ದು ಅವನಿಗೆ, ಅವನ ಆರು ಜನ ಸಂಗಾತಿಗಳಿಗೆ ಮಾತ್ರ. ಸೊಸೆ ನಾಲ್ಕನೇ ಸಾಲಿನಲ್ಲಿ, ಕೂತಲ್ಲಿಂದಲೂ ಸನ್ನೆ ಮಾಡಕೂಡದೆಂದು ನೀವು ಹೇಳಿದ ಹಾಗೆ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತಿದ್ದಳು. ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ, ಬಂದವರ ಪಾತ್ರೆಗಳ ನಡುವೆ ನಿಂತು, ನೆನಪಿನಿಂದ ಅಷ್ಟನ್ನೂ ಅವನಿಗೆ ಹೇಳಿದಳು. ಅವನು ನೋಡಿ ಮುಗಿಸಿ, ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟ. ಅಂದಿನಿಂದ ಅವನು ನಿಮ್ಮ ಆರಾಧನಾಲಯದ ಮೆಟ್ಟಿಲು ಹತ್ತಿಲ್ಲ. ಉಳಿದ ಆರು ಜನವೂ ಇಲ್ಲ. ಸಭೆಯ ದೃಷ್ಟಿ ಈಗ ಸುರಕ್ಷಿತವಾಗಿದೆ.

ಇಷ್ಟಕ್ಕೆ ನಿಲ್ಲುತ್ತಿತ್ತೇನೋ. ಕಳೆದ ತಿಂಗಳು ನಿಮ್ಮ ಸಮಿತಿಯ ಈ ವರ್ಷದ ನಡಾವಳಿ ರಟ್ಟು ಹಾಕಲು ಎಂದಿನಂತೆ ನನ್ನ ಅಂಗಡಿಗೆ ಬಂತು. ರಟ್ಟು ಕಟ್ಟುವವರು ಓದುವುದಿಲ್ಲವೆಂದು ಜನ ನಂಬಿದ್ದಾರೆ. ನಲವತ್ತು ವರ್ಷದಿಂದ ಆ ನಂಬಿಕೆಯೇ ನನ್ನ ವಿದ್ಯಾಭ್ಯಾಸ. ನನ್ನ ಮಗನನ್ನು ಕರೆಸಿದ ದಿನದ ಪುಟದಲ್ಲಿ ಹೀಗಿದೆ: ‘ಸದರಿ ಸಹೋದರನು ಸಮಿತಿಯ ಮಾರ್ಗದರ್ಶನವನ್ನು ಸಂತೋಷದಿಂದ ಅಂಗೀಕರಿಸಿದನು.’ ಅವನು ಬರೆದುಕೊಟ್ಟ ಹಾಳೆ ಅದರಲ್ಲಿ ಇಲ್ಲ. ಆ ಸುಳ್ಳಿನ ಅಂಚನ್ನು ನೇರವಾಗಿ ಕತ್ತರಿಸಿದವನು ನನ್ನ ಮಗ. ಓದಿ, ನನ್ನ ಕಡೆ ನೋಡಿ, ಯಂತ್ರದ ಹಿಡಿ ಇಳಿಸಿದ. ಕೂದಲೆಳೆಯಷ್ಟೂ ಓರೆಯಾಗಲಿಲ್ಲ.

ನಿಮ್ಮ ಹಳೆಯ ಸಂಪುಟಗಳನ್ನು ಬಿಚ್ಚಿ ಹೊಸದಾಗಿ ಹೊಲಿದವನೂ ನಾನೇ. ಮೂರನೆಯದರಲ್ಲಿ ಇನ್ನೊಂದು ಪುಟವಿದೆ. ಆಗ ಬಂದಿದ್ದ ಪರದೇಶದ ಸಭಾಪಾಲಕರಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ಅವರ ಮನೆಯ ಅಡುಗೆಯಾಕೆ ಎರಡು ವರ್ಷ ಪೀಠದ ಪಕ್ಕದಲ್ಲಿ ನಿಂತು, ಗಟ್ಟಿಯಾದ ಧ್ವನಿಯಲ್ಲಿ, ಅವರ ಪ್ರಸಂಗವನ್ನು ಇಡೀ ಸಭೆಗೆ ಅನುವಾದಿಸಿದಳು. ‘ಆಕೆಯ ಸೇವೆಗಾಗಿ ದೇವರಿಗೆ ಸ್ತೋತ್ರ’ ಎಂದು ನಿರ್ಣಯವಾಗಿದೆ. ಆಕೆಯ ಹೆಸರನ್ನು ಬರೆಯುವ ತೊಂದರೆ ಯಾರೂ ತೆಗೆದುಕೊಂಡಿಲ್ಲ. ಕೆಳಗೆ ಅಧ್ಯಕ್ಷರ ಸಹಿ ಇದೆ; ಅದು ತಮ್ಮ ಅಜ್ಜನವರದು. ಕಿವಿಯಿದ್ದ ಗಂಡಸರಿಗೆ ಹೆಂಗಸಿನ ಬಾಯಿ ಬೇಕಾದಾಗ ಅಪೊಸ್ತಲನು ತಡೆಯಲಿಲ್ಲವೇ?

ನನ್ನ ಬೇಡಿಕೆಗೆ ಬರುತ್ತೇನೆ. ಈ ವರ್ಷದ ಸಂಪುಟವನ್ನು ನಿಮಗೆ ಹಿಂದಿರುಗಿಸಿದ್ದೇನೆ. ಆ ಪುಟದ ಎದುರಿಗೆ ಒಂದು ಖಾಲಿ ಹಾಳೆ ಸೇರಿಸಿ ಹೊಲಿದಿದ್ದೇನೆ. ಹರಿದರೆ ಇಡೀ ಪುಸ್ತಕ ಬಿಚ್ಚಿಕೊಳ್ಳುವಂತೆ ಹೊಲಿದಿದ್ದೇನೆ. ಅದರಲ್ಲಿ ನನ್ನ ಮಗ ನಿಜವಾಗಿ ಏನು ಹೇಳಿದನೆಂದು ಬರೆಯಿರಿ. ಅದರ ಕೆಳಗೆ ನಿರ್ಣಯ ರದ್ದಾಯಿತೆಂದು ಬರೆಯಿರಿ. ಸೊಸೆಯನ್ನು ಮರಳಿ ಕಿಟಕಿಯ ಬೆಳಕಿಗೆ ಕರೆಯಿರಿ. ಈ ಸಲ ಅವಳ ಹೆಸರನ್ನೂ ಬರೆಯಿರಿ.

ಮಾಡಲಾರಿರಾದರೆ ಇನ್ನೊಂದು ಕೇಳುತ್ತೇನೆ. ನನಗೆ ಎಪ್ಪತ್ನಾಲ್ಕು, ಬಹಳ ದಿನ ಕಾಯಿಸುವುದಿಲ್ಲ. ನನ್ನ ಅಂತಿಮ ಆರಾಧನೆಗೆ ಲಿಖಿತ ಅನುಮತಿ ಈಗಲೇ ಕೊಡಿ. ಅಂದು ಪೀಠದಿಂದ ಯಾರೂ ಮಾತಾಡಕೂಡದು, ಹಾಡಕೂಡದು. ನಿಮ್ಮ ಮೆಚ್ಚಿನ ಮೌನವನ್ನು ಎಲ್ಲರೂ ಪಾಲಿಸಲಿ. ನನ್ನ ಸೊಸೆ ಒಬ್ಬಳೇ ಮುಂದೆ ನಿಂತು, ನನ್ನ ಕಥೆಯನ್ನು ಕೈಯಲ್ಲಿ ಹೇಳಲಿ. ಅವಳಿಗೆ ಎಲ್ಲವನ್ನೂ ಹೇಳಿಟ್ಟಿದ್ದೇನೆ, ನಗುವಂಥದ್ದೂ ಇದೆ, ತಮ್ಮ ವಿಷಯವೂ ಇದೆ. ಮುಂದಿನ ಸಾಲಿನಲ್ಲಿ ಆ ಏಳು ಜನ ಕೂತು ನಗಲಿ, ಅಳಲಿ. ಅವರು ಯಾಕೆ ನಗುತ್ತಿದ್ದಾರೆ, ಯಾಕೆ ಅಳುತ್ತಿದ್ದಾರೆಂದು ತಿಳಿಯದೆ ನೀವು ಮುನ್ನೂರು ಜನ ಎಡಕ್ಕೂ ಬಲಕ್ಕೂ ತಿರುಗಿ ನೋಡುತ್ತಾ ಕೂತಿರಿ.

ಇಂತಿ,
ನಿಮ್ಮ ನಡಾವಳಿಗಳನ್ನು ಹೊಲಿದವನು,
ಓದಿದ್ದು ಸಾಕೆನಿಸಿದ ಒಬ್ಬ ರಟ್ಟು ಕಟ್ಟುವವನು